‘ಬುಡು’ ಎನ್ನುವ ಸೀಮೆಯಲ್ಲಿ ಒಂದು ಮಳೆಗಾಲ

ಕಳೆದ ವಾರ ಬಾಗಿಲ ಮುಂದೆ ಹಾಕಲು ಒಂದು ನಾರಿನ ಕಾಲೊರಸು ತಂದೆ. ಅಂಗಡಿಯಲ್ಲಿ ಒಣಗಿಕೊಂಡಿದ್ದಾಗ ಅದಕ್ಕೆ ವಾಸನೆಯೇ ಇರಲಿಲ್ಲ. ಮಾರನೆಯ ದಿನ ಮಳೆ ಬಂದು ಪೂರ್ತಿ ನೆನೆದುಹೋಯಿತು. ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದರೆ ಕೊಳೆತ ಸೊಪ್ಪು, ಕೆರೆಯ ಕೆಸರು, ಅದರೊಳಗೆಲ್ಲೋ ಒಂದಿಷ್ಟು ಸಿಹಿ. ನೆನೆಸಿದ ತೆಂಗಿನ ಸಿಪ್ಪೆಯ ವಾಸನೆ ಅದು. ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಎದುರು ಮನೆಯವರು “ಏನಾದ್ರೂ ಕಳೆದುಹೋಯ್ತಾ?” ಎಂದು ಕೇಳಿದರು. ಏನೂ ಇಲ್ಲ ಎಂದು ಒಳಗೆ ಬಂದೆ. ಏನೂ ಇಲ್ಲ ಎನ್ನುವುದು ನನಗೆ ಬಾಯಿಪಾಠವಾಗಿರುವ ಉತ್ತರ.

ಎರಡು ವರ್ಷದ ಹಿಂದೆ ಒಂದು ಮಳೆಗಾಲವಿಡೀ ನಾನು ಈ ವಾಸನೆಯಲ್ಲಿ ಬದುಕಿದ್ದೆ. ಒಂದು ಸಂಸ್ಥೆಯವರು ಆರು ತಿಂಗಳ ಗುತ್ತಿಗೆಯ ಮೇಲೆ ನನ್ನನ್ನು ತಿಪಟೂರಿಗೆ ಹಾಕಿದ್ದರು. ಕೆಲಸದ ಹೆಸರು ಮಾತ್ರ ಉದ್ದ: ನಿರಾಶ್ರಿತ ಸಮುದಾಯಗಳಿಗೆ, ಅವರವರ ಸಂಸ್ಕೃತಿಗೆ ಹೊಂದಿಸಿದ, ಮಾನಸಿಕ ಆರೋಗ್ಯ ಪ್ರಥಮ ಚಿಕಿತ್ಸೆಯ ತರಬೇತಿ. ಒಂದೇ ಉಸಿರಿಗೆ ಹೇಳಿ ಮುಗಿಸಿದರೆ ಹೇಳಿದವರಿಗೇ ಚಿಕಿತ್ಸೆ ಬೇಕಾಗುತ್ತದೆ. ವಿಷಯ ಸರಳವಾಗಿತ್ತು. ಈಶಾನ್ಯದ ಬೆಟ್ಟಗಳ ಕಡೆ ಗಲಭೆಯಾಗಿ, ಊರು ಸುಟ್ಟು, ಓಡಿಬಂದ ಏಳು ಸಂಸಾರಗಳು ನೊಣವಿನಕೆರೆ ಹತ್ತಿರದ ಒಂದು ನಾರಿನ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದವು. ಸ್ವಂತ ದೇಶದಲ್ಲೇ ನಿರಾಶ್ರಿತರು. ಅವರಲ್ಲಿ ಯಾರಿಗಾದರೂ ಮನಸ್ಸು ಕುಸಿದರೆ ಮೊದಲು ಗಮನಿಸುವವರು ಪಕ್ಕದಲ್ಲಿ ಕೂತು ನಾರು ಬಿಡಿಸುವವರು. ಹಾಗಾಗಿ ಅವರಿಗೂ ಕಲಿಸಬೇಕು, ಶೆಡ್ಡಿನಲ್ಲಿ ದುಡಿಯುವ ಊರಿನ ಹೆಂಗಸರಿಗೂ ಕಲಿಸಬೇಕು. ಕುಸಿದವರನ್ನು ಹೇಗೆ ಗುರುತಿಸುವುದು, ಏನು ಕೇಳುವುದು, ಹೇಗೆ ಕೇಳಿಸಿಕೊಳ್ಳುವುದು, ಯಾವಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು. ಅಷ್ಟೆ.

ನಾನು ಒಪ್ಪಿಕೊಂಡದ್ದು ಸಮಾಜಸೇವೆಯ ಹುಮ್ಮಸ್ಸಿನಿಂದಲ್ಲ. ಅಮ್ಮ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಮದುವೆಯಾಗದೆ ನಲವತ್ತೇಳು ವರ್ಷ ಅಮ್ಮನ ಜೊತೆಯಲ್ಲೇ ಇದ್ದವಳು ನಾನು. ದಾವಣಗೆರೆಯ ಮನೆಯಲ್ಲಿ ಒಬ್ಬಳೇ ಕುಕ್ಕರ್ ಇಡುವುದು, ಒಬ್ಬಳೇ ತಟ್ಟೆ ತೊಳೆಯುವುದು ಸಾಕಾಗಿತ್ತು. ಬೇರೆ ಊರಿನಲ್ಲಾದರೆ ಒಬ್ಬಳೇ ಇರುವುದಕ್ಕೆ ಒಂದು ಕಾರಣವಾದರೂ ಇರುತ್ತದಲ್ಲ ಎಂದುಕೊಂಡೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮಹಡಿ ಮೇಲಿನ ಒಂದು ಕೋಣೆ ಹಿಡಿದೆ. ಆಷಾಢದ ಗಾಳಿ ರಾತ್ರಿಯೆಲ್ಲ ಕಿಟಕಿ ಬಡಿಯುತ್ತಿತ್ತು. ಕೆಳಗಿನ ಮನೆಯವರು ಒಳ್ಳೆಯವರು. ಸಿಕ್ಕಾಗಲೆಲ್ಲ “ಊಟ ಆಯ್ತಾ ಮೇಡಂ?” ಎನ್ನುತ್ತಿದ್ದರು. ಆಯ್ತು ಎನ್ನುತ್ತಿದ್ದೆ. ಆಗದಿದ್ದ ದಿನವೂ ಆಯ್ತು ಎನ್ನುತ್ತಿದ್ದೆ.

ಮೊದಲನೆಯ ತರಗತಿಯ ದಿನ ಸಮುದಾಯ ಭವನಕ್ಕೆ ಹದಿನೆಂಟು ಜನ ಹೆಂಗಸರು ಬಂದರು. ಅವರ ಮುಂದೆ ನಿಂತು ‘ಪ್ರಥಮ ಚಿಕಿತ್ಸೆ’ ಎಂದ ಕೂಡಲೇ ಮುಂದಿನ ಸಾಲಿನಲ್ಲಿದ್ದ ಗೌರಮ್ಮ ತಮ್ಮ ಬೆರಳು ತೋರಿಸಿದರು. ಸಿಪ್ಪೆ ಸುಲಿಯುವಾಗ ಕೊಯ್ದುಕೊಂಡ ಹಸಿ ಗಾಯ.

“ಇದಕ್ಕೊಂಚೂರು ಪಟ್ಟಿ ಕಟ್ಟಿ ಮೇಡಂ, ಆಮೇಕೆ ಪಾಠ ಮಾಡೀರಂತೆ.”

“ಇದು ಆ ಥರ ಚಿಕಿತ್ಸೆ ಅಲ್ಲಮ್ಮ, ಮನಸ್ಸಿಗೆ ಮಾಡೋದು,” ಎಂದೆ.

“ಹಂಗಾರೆ ಟಿಂಚರ್ ತಂದಿಲ್ವಾ?”

ಎಲ್ಲರೂ ನಕ್ಕರು. ಗೌರಮ್ಮ ನಗಲಿಲ್ಲ. ನಿಜವಾಗಿಯೂ ನಿರಾಸೆಯಾಗಿತ್ತು. ಐವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡಿದ್ದರು, ಶೆಡ್ಡಿನಲ್ಲಿ ಹಗ್ಗ ಹೊಸೆಯುವವರಿಗೆಲ್ಲ ಹಿರಿಯರು. ಎಲೆ ಅಡಿಕೆ ಹಾಕಿಕೊಂಡು ಗೋಡೆಗೊರಗಿ ಕೂತರೆಂದರೆ ಹತ್ತು ನಿಮಿಷಕ್ಕೆ ತೂಕಡಿಕೆ. ಬೆಂಗಳೂರಿನ ಆಫೀಸಿಗೆ ಕಳುಹಿಸಿದ ಮೊದಲ ವರದಿಯಲ್ಲಿ ‘ಕೆಲವರಿಗೆ ಆಸಕ್ತಿ ಕಡಿಮೆ’ ಎಂದು ಬರೆದೆನಲ್ಲ, ಆ ಕೆಲವರು ಎಂದರೆ ಗೌರಮ್ಮ ಒಬ್ಬರೇ.

ನನ್ನ ಕೈಯಲ್ಲಿದ್ದ ಪುಸ್ತಕವೂ ಕಡಿಮೆಯದಲ್ಲ. ಎಲ್ಲಿಯದೋ ಪುಸ್ತಕವನ್ನು ಯಾರೋ ಕನ್ನಡಕ್ಕೆ ತಿರುಗಿಸಿದ್ದರು. ಖಿನ್ನತೆ, ಆತಂಕ, ಆಘಾತೋತ್ತರ ಎಂದೆಲ್ಲ ಇತ್ತು. ನೊಣವಿನಕೆರೆಯಲ್ಲಿ ಖಿನ್ನತೆ ಯಾರಿಗೂ ಬರುವುದಿಲ್ಲ. ‘ಮಂಕಾಗವ್ಳೆ’ ಎನ್ನುತ್ತಾರೆ, ‘ಊಟ ಸೇರ್ತಿಲ್ಲ’ ಎನ್ನುತ್ತಾರೆ, ‘ಯಾವುದ್ರಾಗೂ ಮನಸೇ ಇಲ್ಲ’ ಎನ್ನುತ್ತಾರೆ. ಎರಡನೇ ವಾರಕ್ಕೆ ಪುಸ್ತಕ ಮುಚ್ಚಿಟ್ಟು ಈ ಮಾತುಗಳನ್ನೇ ಒಂದು ಚಾರ್ಟಿನ ಮೇಲೆ ಬರೆದೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು: ‘ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಯಾರೂ ಸಾಯುವುದಿಲ್ಲ.’ ಹೆಂಗಸರಿಗೆ ಆ ಸಾಲು ಓದುವುದಕ್ಕೇ ಹಿಂಜರಿಕೆ. ಅಂಥ ಮಾತು ಬಾಯಲ್ಲಿ ಬರಬಾರದು, ಅಪಶಕುನ. ನಾನು ಬಿಡಲಿಲ್ಲ. ಒಬ್ಬೊಬ್ಬರನ್ನೂ ಎಬ್ಬಿಸಿ ನಿಲ್ಲಿಸಿ ಗಟ್ಟಿಯಾಗಿ ಹೇಳಿಸಿದೆ. ಗೌರಮ್ಮನವರನ್ನು ನಿದ್ದೆಯಿಂದಲೇ ಎಬ್ಬಿಸಿ ಹೇಳಿಸಿದೆ.

ಬೆಟ್ಟದ ಕಡೆಯವರಲ್ಲಿ ಕನ್ನಡ ಬೇಗ ಕಲಿತವಳು ನೆಂಗ್. ಮೂವತ್ತೆರಡು ಮೂವತ್ತಮೂರರ ಹೆಂಗಸು. ನೆಂಗ್ ಎನ್ನುವುದು ಶೆಡ್ಡಿನವರ ಬಾಯಿಗೆ ಒಗ್ಗದೆ ಒಂದೇ ವಾರದಲ್ಲಿ ನಿಂಗಮ್ಮ ಆಗಿಬಿಟ್ಟಿದ್ದಳಂತೆ. “ನಿಂಗಮ್ಮ” ಎಂದರೆ ಅವಳು ‘ಆಂ’ ಎನ್ನುತ್ತಿದ್ದಳು. ನಾನು ಹಾಜರಿ ಕರೆಯುವಾಗ ನೆಂಗ್ ಎಂದರೆ ಮಾತ್ರ ಒಂದು ಗಳಿಗೆ ತಡೆದು, ಸುತ್ತ ನೋಡಿ, ಕೈ ಎತ್ತುತ್ತಿದ್ದಳು. ಗಂಡ ಅದೇ ಶೆಡ್ಡಿನಲ್ಲಿ ಸಿಪ್ಪೆ ಲೋಡು ಇಳಿಸುತ್ತಿದ್ದ. ಮಾತು ಕಡಿಮೆ, ಸಂಜೆ ಫೋನು ಹಿಡಿದು ಊರಿನ ಸುದ್ದಿ ನೋಡುತ್ತ ಕೂರುವವನು. ಅವರಿಗೆ ಮಕ್ಕಳಿರಲಿಲ್ಲ. ಅವಳ ತಾಯಿ ಊರಿನಲ್ಲೇ ಉಳಿದಿದ್ದರು. ಉಳಿದಿದ್ದರು ಎಂದರೆ ಏನೆಂದು ನನಗೆ ಆಮೇಲೆ ಗೊತ್ತಾಯಿತು.

ಬಿಡುವಿದ್ದಾಗ ನಾನು ಶೆಡ್ಡಿಗೆ ಹೋಗಿ ಕೂರುತ್ತಿದ್ದೆ. ಕೋಣೆಗಿಂತ ಅದು ವಾಸಿ. ಅಲ್ಲಿ ಹಗ್ಗ ಹೊಸೆಯುವುದನ್ನು ನೋಡುತ್ತಲೇ ಹೊತ್ತು ಹೋಗುತ್ತಿತ್ತು. ಗೌರಮ್ಮ ರಾಟೆಯ ಮುಂದೆ ಕೂತು ಚಕ್ರ ತಿರುಗಿಸುತ್ತಿದ್ದರು. ನೆಂಗ್ ಸೊಂಟದ ಮಡಿಲಿನಲ್ಲಿ ನಾರು ತುಂಬಿಕೊಂಡು, ಎರಡೂ ಕೈಯಿಂದ ಎಳೆ ಕೊಡುತ್ತ, ಹಿಂದೆ ಹಿಂದೆ ನಡೆಯುತ್ತಿದ್ದಳು. ಶೆಡ್ಡಿನ ಆ ತುದಿ ಮುಟ್ಟಿದ ಮೇಲೆ ಎಳೆಗಳನ್ನು ಜೋಡಿಸಿ ಬಿಗಿಯಾಗಿ ಹಿಡಿದು ನಿಲ್ಲಬೇಕು. ಹುರಿ ಸಾಕಷ್ಟು ಏರಿದೆ ಎಂದು ಗೌರಮ್ಮನವರಿಗೆ ಅನ್ನಿಸಿದಾಗ ಕೂಗುತ್ತಿದ್ದರು: “ಬುಡು.” ಆಗ ನೆಂಗ್ ಕೈ ಬಿಡುತ್ತಿದ್ದಳು. ಎಳೆಗಳು ತಾವಾಗಿಯೇ ಒಂದಕ್ಕೊಂದು ಸುತ್ತಿಕೊಂಡು ಹಗ್ಗವಾಗುತ್ತಿದ್ದವು. ಕೂಗುವ ಮೊದಲೇ ಬಿಟ್ಟರೆ ಗಂಟು, ತಡವಾಗಿ ಬಿಟ್ಟರೆ ತುಂಡು. ಅವಳು ಕಲಿತ ಮೊದಲನೆಯ ಕನ್ನಡ ಮಾತು ಅದೇ. ದಿನಕ್ಕೆ ಐವತ್ತು ಅರವತ್ತು ಸಲವಾದರೂ ಅದನ್ನು ಕೇಳುತ್ತಿದ್ದಳು.

ಅದೇ ಮಾತು ಈ ಸೀಮೆಯಲ್ಲಿ ಇನ್ನೊಂದು ಕೆಲಸಕ್ಕೂ ಬರುತ್ತದೆ. ಯಾರಾದರೂ ದುಃಖ ತೋಡಿಕೊಂಡರೆ ಮೊದಲು ಬರುವ ಮಾತು “ಬುಡು”. ಬೆಳೆ ಹೋಯಿತೆಂದರೆ ಬುಡು, ಮಗಳ ಸಂಬಂಧ ಮುರಿಯಿತೆಂದರೆ ಬುಡತ್ಲಾಗೆ, ಗಂಡ ಸತ್ತನೆಂದರೂ ತಲೆ ಸವರಿ “ಬುಡವ್ವ, ಏನ್ಮಾಡೋಕಾಯ್ತದೆ.” ಅದರಲ್ಲಿ ತಾತ್ಸಾರವಿಲ್ಲ. ನಾನಿದ್ದೀನಿ, ಅದನ್ನು ಒಬ್ಬಳೇ ಹೊತ್ತುಕೊಂಡು ತಿರುಗಬೇಡ ಎಂದೇ ಅದರ ಅರ್ಥ. ನಮ್ಮ ಕಡೆ ನಾವು ‘ಬಿಡು’ ಎನ್ನುತ್ತೇವೆ, ಅಷ್ಟೇ ವ್ಯತ್ಯಾಸ. ಹುಟ್ಟಿದಾಗಿನಿಂದ ಕೇಳಿದ ಮಾತು. ಅದರ ಕಡೆ ಕಿವಿ ಕೊಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಸಂಸ್ಕೃತಿಗೆ ಹೊಂದಿಸಿದ ಪಾಠ ಮಾಡಲು ಬಂದವಳು ನಾನು.

ಭಾದ್ರಪದದ ಹೊತ್ತಿಗೆ ನೆಂಗ್ ಸೊರಗಿದ್ದು ಕಣ್ಣಿಗೆ ಕಾಣುತ್ತಿತ್ತು. ಮಳೆ ಹಿಡಿದುಕೊಂಡು, ಸಿಪ್ಪೆ ಒಣಗದೆ, ಶೆಡ್ಡಿನಲ್ಲಿ ಕೆಲಸ ಕಡಿಮೆಯಾಗಿತ್ತು. ಉಳಿದವರು ಒಲೆ ಸುತ್ತ ಹರಟೆ ಹೊಡೆಯುತ್ತಿದ್ದರೆ ಅವಳು ಸಿಪ್ಪೆ ನೆನೆಹಾಕುವ ಹೊಂಡದ ದಂಡೆಯಲ್ಲಿ ಗೋಣಿತಾಟು ಹೊದ್ದು ಕೂತಿರುತ್ತಿದ್ದಳು. ಚಾರ್ಟಿನಲ್ಲಿ ನಾನೇ ಬರೆದ ಲಕ್ಷಣಗಳು ಒಂದೊಂದಾಗಿ ಎದುರಿಗೆ ಬಂದು ಕೂತಿದ್ದವು. ಮಾತಾಡಬೇಕು, ಮಾತಾಡಬೇಕು ಎಂದುಕೊಳ್ಳುತ್ತಲೇ ಎರಡು ವಾರ ಕಳೆದೆ.

ಒಂದು ಸಂಜೆ ತರಗತಿ ಮುಗಿದು, ಚಾರ್ಟು ಸುತ್ತಿ ಚೀಲಕ್ಕೆ ಹಾಕಿಕೊಂಡು ರಸ್ತೆಗೆ ಬಂದೆ. ತಿಪಟೂರಿಗೆ ಹೋಗುವ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಅದು ಕೊನೆಯದೇನೂ ಅಲ್ಲ, ಆಮೇಲೆ ಇನ್ನೊಂದಿತ್ತು. ಇದನ್ನು ಈಗಲೇ ಹೇಳಿಬಿಡಬೇಕು, ಯಾಕೆಂದರೆ ಆಫೀಸಿನವರಿಗೆ ಬರೆದ ವರದಿಯಲ್ಲಿ ‘ಕೊನೆಯ ಬಸ್ಸು’ ಎಂದು ಬರೆದಿದ್ದೆ. ನೆಂಗ್ ಹಿಂದೆಯೇ ಬಂದು ಪಕ್ಕದಲ್ಲಿ ನಿಂತಳು.

“ಮೇಡಂ, ಒಂದು ಮಾತು ಕೇಳ್ಲಾ?”

“ಕೇಳು.”

“ಬುಡು ಅಂದ್ರೆ ಏನು?”

ಇದೆಂಥ ಪ್ರಶ್ನೆ ಎಂದು ನಗು ಬಂತು. “ಕೈ ಬಿಡೋದು. ನಿಂಗೆ ಗೊತ್ತಲ್ಲ, ದಿನಾ ಹಗ್ಗ ಬಿಡ್ತೀಯಲ್ಲ,” ಎಂದೆ.

ಅವಳು ತಲೆಯಾಡಿಸಿದಳು. ಆಮೇಲೆ ತನ್ನ ಮುರುಕು ಕನ್ನಡದಲ್ಲಿ, ನಡುನಡುವೆ ಹಿಂದಿ ಸೇರಿಸಿಕೊಂಡು ಹೇಳಿದಳು. ಊರಿಗೆ ಬೆಂಕಿ ಬಿದ್ದ ದಿನ ಅಮ್ಮನ ಕೈ ಹಿಡಿದುಕೊಂಡು ಕಾಡಿನ ಕಡೆ ಓಡಿದ್ದಳು. ಅಮ್ಮನಿಗೆ ಮಂಡಿ ನೋವು, ಬೆಟ್ಟ ಹತ್ತಲಾಗಲಿಲ್ಲ. ಹಿಂದೆ ಜನ ಬರುವ ಸದ್ದು ಕೇಳಿತು. ಗಂಡ ಬಾ ಬಾ ಎಂದು ಕಿರುಚಿದ. ಅವಳು ಅಮ್ಮನ ಕೈ ಬಿಟ್ಟಳು. ಮತ್ತೆ ಅಮ್ಮನ ಸುದ್ದಿ ಸಿಕ್ಕಿರಲಿಲ್ಲ.

“ಗೌರಕ್ಕಂಗೆ ಹೇಳ್ದೆ. ಬುಡು ಅಂದ್ರು. ಶೆಡ್ಡಲ್ಲಿ ಅಡಿಗೆ ಮಾಡೋ ಅಕ್ಕಂಗೆ ಹೇಳ್ದೆ. ಬುಡು ಅಂದ್ರು. ಎಲ್ರೂ ಬುಡು ಬುಡು. ನಾನು ಅಮ್ಮನ ಕೈ ಬುಟ್ಟೆ ಮೇಡಂ. ಊರು ಬುಟ್ಟೆ. ಇನ್ನೇನು ಬುಡಬೇಕು?” ಆಮೇಲೆ ಲೆಕ್ಕ ಸರಿಯಿದೆಯಾ ಎಂದು ಕೇಳುವವಳ ಹಾಗೆ ಹೇಳಿದಳು: “ನಾನೊಬ್ಳು ಬಾಕಿ ಅಲ್ವಾ? ನನ್ನೇ ಬುಡಬೇಕಾ?”

ಅವಳು ಏನು ಹೇಳುತ್ತಿದ್ದಾಳೆಂದು ಪೂರ್ತಿ ಅರ್ಥವಾಗಿತ್ತು. ಹದಿನೆಂಟು ಜನರ ಬಾಯಲ್ಲಿ ಗಟ್ಟಿಯಾಗಿ ಹೇಳಿಸಿದ ಪ್ರಶ್ನೆಯನ್ನು ನಾನು ಕೇಳಬೇಕಾಗಿದ್ದ ಗಳಿಗೆ ಅದೇ. ಕೇಳಿದರೆ ಅವಳು ಹೂಂ ಎನ್ನುತ್ತಾಳೆ. ಹೂಂ ಎಂದ ಮೇಲೆ ನಾನು ಅಲ್ಲೇ ಇರಬೇಕು. ಅವಳ ಕೈ ಹಿಡಿದು, ಅಮ್ಮನನ್ನು ಬಿಟ್ಟುಬಂದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಬೇಕು. ಅದು ನನ್ನಿಂದ ಆಗುತ್ತಿರಲಿಲ್ಲ. ಯಾಕೆ ಆಗುತ್ತಿರಲಿಲ್ಲ ಎನ್ನುವುದು ಆಗ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಿರುವಿನಲ್ಲಿ ಬಸ್ಸು ಕಾಣಿಸಿತು. ದೇವರೇ ಕಳಿಸಿದ ಹಾಗೆ ಬಂತು ಎಂದು ನನಗೆ ಅನ್ನಿಸಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

“ನಾಳೆ ಕೂತು ಮಾತಾಡೋಣ ನೆಂಗ್,” ಎಂದೆ. ಹತ್ತುತ್ತ ಅವಳ ಭುಜ ತಟ್ಟಿ ಇನ್ನೂ ಒಂದು ಮಾತು ಹೇಳಿದೆ: “ಬಿಡು, ಎಲ್ಲ ಸರಿ ಹೋಗುತ್ತೆ.”

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುವ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. ಬಸ್ಸು ಬಿದರೆಗುಡಿ ದಾಟುವ ಮೊದಲೇ ನಾನು ಹೇಳಿದ ಮಾತು ನನಗೇ ಕೇಳಿಸಿತು. ಇಳಿದು ವಾಪಸ್ಸು ಹೋಗಬಹುದಿತ್ತು. ಫೋನು ಮಾಡಬಹುದಿತ್ತು, ಹಾಜರಿ ಪುಸ್ತಕದಲ್ಲಿ ಎಲ್ಲರ ನಂಬರೂ ಇತ್ತು. ಗೌರಮ್ಮನವರ ನಂಬರು ಒತ್ತಿ, ಏನೆಂದು ಹೇಳಲಿ ಎಂದು ತೋಚದೆ ಕತ್ತರಿಸಿದೆ. ಇಲ್ಲದ್ದನ್ನು ಕಲ್ಪಿಸಿಕೊಂಡಿದ್ದೀಯ ಎಂದು ನನಗೆ ನಾನೇ ಬೈದುಕೊಂಡೆ. ಆ ರಾತ್ರಿ ಊಟ ಮಾಡಲಿಲ್ಲ, ನಿದ್ದೆಯೂ ಬರಲಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ಹೋದೆ. ಶೆಡ್ಡಿನ ಸಾಲುಮನೆಯಲ್ಲಿ ಅವಳಿರಲಿಲ್ಲ. ಗಂಡ ಲೋಡಿಗೆ ಹೋಗಿದ್ದ. ಹೊಂಡದ ಕಡೆ ಓಡಿದೆ. ನೀರಿನ ಮೇಲೆ ಸಿಪ್ಪೆ ತೇಲುತ್ತಿತ್ತು, ಬೇರೇನೂ ಇರಲಿಲ್ಲ. ಅಲ್ಲಿಂದ ಗೌರಮ್ಮನವರ ಮನೆಗೆ ಹೋದರೆ ಜಗಲಿಯ ಮೇಲೆ ನೆಂಗ್ ಕೂತಿದ್ದಳು. ಕೈಯಲ್ಲಿ ರಾಗಿ ರೊಟ್ಟಿಯ ತಟ್ಟೆ. ಅರ್ಧ ತಿಂದಿದ್ದಳು. ಪಕ್ಕದಲ್ಲಿ ಗೌರಮ್ಮ ಸುಮ್ಮನೆ ನಾರು ಬಿಡಿಸುತ್ತ ಕೂತಿದ್ದರು. ನನ್ನನ್ನು ನೋಡಿ ಎದ್ದು, ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು.

“ನಿನ್ನೆ ಸಂಜೆ ನೀವು ಹೋದ್ರಲ್ಲ ಮೇಡಂ, ಈ ನಿಂಗಮ್ಮ ರಸ್ತೇಲಿ ನಿಂತವ್ಳು ನಿಂತಂಗೇ ಅವ್ಳೆ. ಮಳೆ ಬತ್ತಾ ಐತೆ, ಅಲ್ಲಾಡ್ತಿಲ್ಲ. ಯಾಕೋ ನಂಗೆ ಸರಿ ಕಾಣ್ಲಿಲ್ಲ. ಕೇಳ್ದೆ.”

“ಏನಂತ ಕೇಳಿದ್ರಿ?”

“ನೀವೇ ಹೇಳ್ಕೊಟ್ಟಿದ್ರಲ್ಲ, ಸುತ್ತಿಬಳಸಿ ಕೇಳ್ಬೇಡಿ ಅಂತ. ‘ಸಾಯ್ಬೇಕು ಅನ್ನುಸ್ತೈತೇನೇ’ ಅಂದೆ. ಹೂಂ ಅಂದ್ಲು. ಹಂಗಾರೆ ನಡಿ ನಮ್ಮನೇಗೆ, ನನ್ ಪಕ್ಕದಾಗೆ ಮಲಿಕ್ಕೊ ಅಂದೆ. ಬಂದ್ಲು.” ಗೌರಮ್ಮ ಎಲೆ ಅಡಿಕೆ ಉಗಿದು ಬಾಯೊರೆಸಿಕೊಂಡರು. “ಅಲ್ಲಾ ಕಣ್ರೀ, ಕೇಳಿದ್ರೆ ಏನೂ ಆಗಲ್ಲ ಅಂದ್ರಲ್ಲ, ಕೇಳೋವಾಗ ನಂಗೆ ಕೈಕಾಲೆಲ್ಲ ತಣ್ಣಗಾಗೋಯ್ತು. ಅದನ್ಯಾಕೆ ನೀವು ಮೊದ್ಲೇ ಹೇಳ್ಲಿಲ್ಲ?”

ಆಸಕ್ತಿ ಕಡಿಮೆ ಎಂದು ನಾನು ವರದಿಯಲ್ಲಿ ಬರೆದ ಹೆಂಗಸು ಅವರು.

ಅವತ್ತೇ ಮೂವರೂ ತಿಪಟೂರಿನ ಮನೋವೈದ್ಯರ ಹತ್ತಿರ ಹೋದೆವು. ಡಾಕ್ಟರು ನಿಧಾನಸ್ಥರು, ಹಿಂದಿ ಬಲ್ಲವರು. ಅವಳ ಜೊತೆ ಬಹಳ ಹೊತ್ತು ಮಾತಾಡಿ, ಮಾತ್ರೆ ಬರೆದು, ವಾರಕ್ಕೊಮ್ಮೆ ಬರಲು ಹೇಳಿದರು. ಗಂಡನನ್ನು ಕರೆಸಿ ಅವನಿಗೂ ತಿಳಿಸಿ ಹೇಳಿದರು. ಅವನು ಅಲ್ಲೇ ಗೋಡೆ ಕಡೆ ತಿರುಗಿ ಅತ್ತ. ಮುಂದಿನ ಇಪ್ಪತ್ತು ದಿನ ನೆಂಗ್ ಗೌರಮ್ಮನವರ ಮನೆಯಲ್ಲೇ ಇದ್ದಳು.

ಮುಂದಿನ ತರಗತಿಯಲ್ಲಿ, ನೆಂಗ್ ಒಪ್ಪಿಗೆ ಕೊಟ್ಟ ಮೇಲೆ, ‘ಬುಡು’ ವಿಷಯ ಎತ್ತಿದೆ. ಅವಳು ಆ ಮಾತನ್ನು ಹೇಗೆ ಕೇಳಿಸಿಕೊಂಡಿದ್ದಳೆಂದು ನಾನು ಹೇಳಿದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌರಮ್ಮ ಸೆರಗು ಬಾಯಿಗೆ ಹಿಡಿದು, “ಅಯ್ಯೋ ನನ್ ಬಾಯಿಗಿಷ್ಟು ಮಣ್ಣಾಕ,” ಎಂದು ಅತ್ತುಬಿಟ್ಟರು. ಪಕ್ಕದಲ್ಲಿದ್ದವಳು ಅವರ ಬೆನ್ನು ಸವರುತ್ತ “ಬುಡು ಗೌರಕ್ಕ” ಎಂದಳು. ಕೂಡಲೇ ನಾಲಿಗೆ ಕಚ್ಚಿಕೊಂಡಳು. ಮೊದಲು ನಕ್ಕವಳು ನೆಂಗ್. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಾಗಾದರೆ ಏನು ಹೇಳಬೇಕು? ನನ್ನ ಪುಸ್ತಕದಲ್ಲಿ ಉತ್ತರವಿರಲಿಲ್ಲ. ನಿಮ್ಮ ಊರಿನಲ್ಲಿ ಏನು ಹೇಳುತ್ತಾರೆ ಎಂದು ನೆಂಗ್‌ಳನ್ನೇ ಕೇಳಿದೆವು. ಅವಳ ಊರಿನಲ್ಲಿ ಏನೂ ಹೇಳುವುದಿಲ್ಲವಂತೆ. ಅಕ್ಕಪಕ್ಕದವರು ಬಂದು ಒಲೆಯ ಹತ್ತಿರ ಕೂರುತ್ತಾರೆ. ಚಹಾ ಕಾಯಿಸುತ್ತಾರೆ. ಅವರು ಎದ್ದು ಹೋಗುವುದಿಲ್ಲ, ಅಷ್ಟೆ. ದುಃಖದಲ್ಲಿದ್ದವರು ತಮಗೆ ಬೇಕೆನಿಸಿದಾಗ ಮಾತಾಡುತ್ತಾರೆ.

“ಸುಮ್ಕೆ ಕೂರೋದಾ? ನಮ್ ಕೈಲಾಗಾಕಿಲ್ಲ ಕಣಮ್ಮ,” ಎಂದರು ಗೌರಮ್ಮ. “ಬಾಯಿ ನವೆಯಾಯ್ತದೆ.”

ಕೊನೆಗೆ ಇಬ್ಬರ ಪದ್ಧತಿಯನ್ನೂ ಹೆಂಗಸರೇ ಸೇರಿಸಿ ಒಂದು ದಾರಿ ಮಾಡಿದರು. ಕೈಯಲ್ಲಿ ಕೆಲಸ ಹಿಡಿದುಕೊಂಡು ಹೋಗಿ ಪಕ್ಕ ಕೂರುವುದು, ನಾರೋ ಅವರೆಕಾಯೋ ಬಿಡಿಸುತ್ತಿರುವುದು. ‘ಬುಡು’ ಬಾಯಿಗೆ ಬಂದಾಗಲೆಲ್ಲ ಅದನ್ನು ನುಂಗಿ ‘ಹೂಂ, ಹೇಳು’ ಎನ್ನುವುದು. ಬಿದ್ದುಬಿದ್ದು ನಗುತ್ತ ಅದನ್ನು ಅಭ್ಯಾಸ ಮಾಡಿದರು. ಆಫೀಸಿನವರಿಗೆ ಇದನ್ನು ಬರೆದು ಕಳಿಸಿದಾಗ, ಫೋಟೋ ಇದೆಯಾ ಎಂದು ಕೇಳಿದರು.

ಎಲ್ಲರೂ ನನ್ನನ್ನು ಹೊಗಳಿದರು. ಮೇಡಂ ಬಂದದ್ದರಿಂದ ನಿಂಗಮ್ಮ ಉಳಿದಳು ಎಂದು ಶೆಡ್ಡಿನ ಯಜಮಾನರು ನಾಲ್ಕು ಜನರ ಎದುರು ಹೇಳಿದರು. ನಾನು ಅಲ್ಲ ಎನ್ನಲಿಲ್ಲ. ಸಂಜೆ ಕೋಣೆಗೆ ಬಂದು ಅಕ್ಕಿ ತೊಳೆದು ಇಡುವಾಗ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅಮ್ಮ ಇದ್ದಿದ್ದರೆ ಅವಳಿಗೂ ಹೇಳುತ್ತಿರಲಿಲ್ಲವೇನೋ. ಒಂಟಿತನವೆಂದರೆ ಜೊತೆಯಲ್ಲಿ ಯಾರೂ ಇಲ್ಲದಿರುವುದು ಎಂದುಕೊಂಡಿದ್ದೆ. ಹೊಗಳಿಸಿಕೊಂಡು ಬಂದು ಒಬ್ಬಳೇ ಉಣ್ಣುವುದು ಅದಕ್ಕಿಂತ ಕಷ್ಟ.

ದೀಪಾವಳಿ ಕಳೆದು ಹತ್ತು ದಿನಕ್ಕೆ ಗುತ್ತಿಗೆ ಮುಗಿಯಿತು. ಕೊನೆಯ ತರಗತಿಯಲ್ಲಿ ಪ್ರಮಾಣಪತ್ರ ಹಂಚಿದೆ. ಗೌರಮ್ಮ ತಮ್ಮದನ್ನು ತಲೆಕೆಳಗಾಗಿ ಹಿಡಿದುಕೊಂಡು ಫೋಟೋಗೆ ನಿಂತರು. ಎಳನೀರು, ಒಂದು ಚೀಲ ಕೊಬ್ಬರಿ, ತಬ್ಬಿಕೊಳ್ಳುವುದು ಎಲ್ಲ ಆಯಿತು. ಬಿಸಿಲಿಳಿಯುವ ಹೊತ್ತಿಗೆ ಬಸ್ಸಿಗೆಂದು ರಸ್ತೆಗೆ ಬಂದು ಕಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ನೆಂಗ್ ಒಬ್ಬಳೇ ಬಂದಳು. ಮಡಿಲಿನಲ್ಲಿ ಒಂದಿಷ್ಟು ನಾರಿತ್ತು. ಪಕ್ಕದಲ್ಲಿ ಕೂತು ಅದನ್ನು ಬಿಡಿಸತೊಡಗಿದಳು. ಮೈ ಸ್ವಲ್ಪ ತುಂಬಿಕೊಂಡಿತ್ತು. ಮಾತ್ರೆ ಇನ್ನೂ ನಡೆಯುತ್ತಿತ್ತು.

“ಊರಿಗೆ ಹೋದ್ರೆ ಮನೇಲಿ ಯಾರು ಅವ್ರೆ ಮೇಡಂ?”

“ಯಾರೂ ಇಲ್ಲ.”

“ಅಮ್ಮ?”

“ಇಲ್ಲ. ಹೋದ ವರ್ಷ ತೀರಿಕೊಂಡ್ರು.”

ಅವಳು ‘ಬುಡು’ ಎನ್ನಲಿಲ್ಲ. ನಾರು ಬಿಡಿಸುತ್ತಲೇ ಇದ್ದಳು. ತಿರುವಿನಲ್ಲಿ ಬಸ್ಸು ಕಾಣಿಸಿತು. ನಾನು ಎದ್ದು ಚೀಲಕ್ಕೆ ಕೈ ಹಾಕಿದೆ. ಅವಳು ಕೂತಲ್ಲಿಂದಲೇ ಚೀಲದ ಇನ್ನೊಂದು ಹಿಡಿ ಹಿಡಿದುಕೊಂಡಳು. ಬಸ್ಸು ನಿಂತಿತು. ಕಂಡಕ್ಟರು ಬಾಗಿಲಿನಿಂದ ಬಗ್ಗಿ, “ತಿಪಟೂರಾ? ಹತ್ತಮ್ಮ ಬೇಗ,” ಎಂದ.

“ಇವ್ರು ಬರಲ್ಲ. ನೀವು ಹೋಗಿ,” ಎಂದಳು ನೆಂಗ್.

ಬಸ್ಸು ಹೋಯಿತು. ನಾನು ನಿಂತೇ ಇದ್ದೆ.

“ಇನ್ನೊಂದು ಬಸ್ಸೈತೆ ಮೇಡಂ,” ಎಂದಳು. “ಹೂಂ, ಹೇಳಿ.”

ಹೇಳಿದೆ. ಅಮ್ಮ ಆಸ್ಪತ್ರೆಯಲ್ಲಿದ್ದ ಹನ್ನೆರಡನೆಯ ದಿನ ಮಧ್ಯಾಹ್ನ ನನ್ನ ಸೆರಗು ಹಿಡಿದುಕೊಂಡು ಹೋಗಬೇಡ ಎಂದಿದ್ದಳು. ಸ್ನಾನ ಮಾಡಿ ಒಂದು ಗಂಟೆಯಲ್ಲಿ ಬರುತ್ತೇನೆ ಎಂದು ಅವಳ ಬೆರಳು ಒಂದೊಂದಾಗಿ ಬಿಡಿಸಿ ಮನೆಗೆ ಹೋದೆ. ಸ್ನಾನ ಮಾಡಿ ಮಲಗಿದೆ. ಮೈಮರೆತು ಬಂದ ನಿದ್ದೆಯಲ್ಲ, ಅಲಾರಂ ಬಡಿದಾಗ ಎಚ್ಚರವಾಗಿತ್ತು. ಮತ್ತೆ ಆ ವಾರ್ಡಿಗೆ ಹೋಗಲು ಮನಸ್ಸಿಲ್ಲದೆ ಅದನ್ನು ಆರಿಸಿ ಮಗ್ಗುಲು ಬದಲಿಸಿದೆ. ಸಂಜೆ ಹೋಗುವಷ್ಟರಲ್ಲಿ ಮುಗಿದಿತ್ತು. ನೆಂಟರಿಗೆಲ್ಲ ನಾನು ಪಕ್ಕದಲ್ಲೇ ಇದ್ದೆ, ನನ್ನ ಕೈಯಿಂದ ನೀರು ಕುಡಿದು ಹೋದಳು ಎಂದು ಹೇಳಿದ್ದೆ. ಅಷ್ಟೂ ಜನ ಅದನ್ನು ನಂಬಿದ್ದರು. ಇಷ್ಟನ್ನೂ ನನ್ನ ಕನ್ನಡದಲ್ಲಿ, ನನ್ನ ವೇಗದಲ್ಲಿ ಹೇಳಿದೆ. ಅವಳಿಗೆ ಅರ್ಧವೂ ತಿಳಿದಿರಲಿಕ್ಕಿಲ್ಲ. ನಾನು ಮಾತು ನಿಲ್ಲಿಸಿದಾಗ ಎರಡು ಸಲ ಹೂಂ, ಹೇಳಿ ಎಂದಳು.

ಆಮೇಲೆ ಅದನ್ನೂ ಹೇಳಿದೆ. ಅವತ್ತು ನಿನ್ನನ್ನು ಕೇಳಬೇಕಾಗಿತ್ತು, ಕೇಳದೆ ಬಸ್ಸು ಹತ್ತಿದೆ ಎಂದೆ.

“ಗೊತ್ತು ಮೇಡಂ,” ಎಂದಳು. “ನಿಮ್ ಮುಖ ನೋಡ್ದೆ. ಹೆದರ್ಕೊಂಡಿದ್ರಿ.”

ನಾನು ಕಲ್ಲಿನ ಮೇಲೆ ಕೂತು ಅತ್ತೆ. ಅವಳು ನಾರು ಬಿಡಿಸಿದಳು. ಮುಂದಿನ ಬಸ್ಸು ಬರುವವರೆಗೂ ಎದ್ದು ಹೋಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಏಳು ಸಂಸಾರಗಳೂ ಶೆಡ್ಡು ಬಿಟ್ಟು ಬೇರೆಲ್ಲಿಗೋ ಹೋದವೆಂದು ಗೌರಮ್ಮ ಫೋನಿನಲ್ಲಿ ಹೇಳಿದರು. ನೆಂಗ್ ಚೆನ್ನಾಗಿದ್ದಳಂತೆ, ಹೋಗುವಾಗ ಅವರ ಕಾಲು ಮುಟ್ಟಿದಳಂತೆ. ಎಲ್ಲಿಗೆಂದು ಅವರಿಗೂ ಗೊತ್ತಿರಲಿಲ್ಲ. ಅವಳ ಹಳೆಯ ನಂಬರು ಚಾಲ್ತಿಯಲ್ಲಿಲ್ಲ. ಆಮೇಲೆ ನಾನು ಇನ್ನೂ ಮೂರು ಕಡೆ ಈ ತರಬೇತಿ ಮಾಡಿದೆ. ಹೇಗೆ ಕೇಳಬೇಕೆಂದು ನನ್ನಿಂದ ಕಲಿತವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಕೇಳಿದವಳು ಅವಳೊಬ್ಬಳೇ.